ಮೂರು ಕಾಲಿನ ಮೇಜಿನ ಅಕ್ಕತಂಗಿಯರು

ಸತ್ತವರ ಬಗ್ಗೆ ಬರೆಯಲು ಕುಳಿತವನಿಗೆ ಸತ್ತವರಿಂದ ತೊಂದರೆಯಿಲ್ಲ, ತೊಂದರೆಯೆಲ್ಲ ಬದುಕಿರುವವರಿಂದಲೇ. ಕಾದಂಬರಿ ಶುರು ಮಾಡಿದ ಹೊಸದರಲ್ಲಿ ನಾನೇ ಹೇಳಿದ ಮಾತಿದು. ಈಗ ಅದರ ಮೊದಲರ್ಧವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗಿದೆ.

ನಾನು ಕುಶಾಲನಗರದವನು. ನಮ್ಮ ತಾತ ಹಾಸನದ ಕಡೆಯಿಂದ ಬಂದು ಇಲ್ಲಿ ಗದ್ದೆ ಮಾಡಿದವರು. ನಾನು ಕಲಿತದ್ದು ಇಂಗ್ಲಿಷ್ ಮೀಡಿಯಂನಲ್ಲಿ, ಚರಿತ್ರೆ ಕಲಿಸಿದ್ದೂ ಇಂಗ್ಲಿಷ್ ಮೀಡಿಯಂನಲ್ಲಿ, ಹೆಡ್ಮಾಸ್ಟರಾಗಿ ನಿವೃತ್ತನಾದದ್ದೂ ಅಂಥದೇ ಶಾಲೆಯಲ್ಲಿ. ಬರೆಯುವುದು ಮಾತ್ರ ಕನ್ನಡದಲ್ಲಿ. ನನ್ನ ಕಾದಂಬರಿ ಪಾಲಿಬೆಟ್ಟದ ಕಡೆಯ ಒಂದು ದೊಡ್ಡ ಕೊಡವ ಮನೆತನದ ಇಬ್ಬರು ಅಕ್ಕತಂಗಿಯರ ಕುರಿತದ್ದು. ನಿಜವಾಗಿ ಬದುಕಿದ್ದವರು. ಬ್ರಿಟಿಷರ ಕಾಲದಲ್ಲಿ ಪಕ್ಕದ ಎಸ್ಟೇಟಿನ ದೊರೆಸಾನಿಯಿಂದ ಸತ್ತವರನ್ನು ಕರೆಯುವ ವಿದ್ಯೆ ಕಲಿತರು. ಮೂರು ಕಾಲಿನ ಮೇಜಿನ ಸುತ್ತ ಕುಳಿತು ಅದರ ಮೇಲೆ ಕೈಯಿಡುವುದು, ಮೇಜು ಎಷ್ಟು ಸಲ ಕುಟ್ಟುತ್ತದೆಂದು ಎಣಿಸಿ ಅಕ್ಷರ ಕೂಡಿಸುವುದು, ಬಂದದ್ದನ್ನು ಸತ್ತವರ ಮಾತೆಂದು ಓದುವುದು. ಆಗ ವಿಲಾಯಿತಿಯ ದೊಡ್ಡ ಮನೆಗಳಲ್ಲಿ ಇದೇ ಹುಚ್ಚು. ಮದುವೆಯಾಗದ ಈ ಇಬ್ಬರು ಜೀವಮಾನವಿಡೀ ಇದನ್ನೇ ಮಾಡಿದರು.

ನನಗೊಂದು ನಿಯಮವಿದೆ. ನಡೆಯದ್ದನ್ನು ನಡೆಯಿತೆಂದು ಬರೆಯುವುದಿಲ್ಲ.

"ಹಾಗಾದ್ರೆ ಅದು ಕಾದಂಬರಿ ಹೇಗಾಗುತ್ತೆ?" ಎಂದು ನನ್ನ ಹೆಂಡತಿ ಕೇಳಿದಳು. ಚಾರಿತ್ರಿಕ ಕಾದಂಬರಿಯ ಧರ್ಮವನ್ನು ಅವಳಿಗೆ ವಿವರಿಸತೊಡಗಿದೆ. ಅರ್ಧಕ್ಕೆ ಎದ್ದು ಹಾಲು ಇಳಿಸಲು ಹೋದವಳು ವಾಪಸು ಬರಲಿಲ್ಲ.

ಬರೆದು ಮುಗಿಸಿದ ಮೇಲೆ ಮೈಸೂರಿನ ಪ್ರಕಾಶಕರು ಒಂದೇ ಮಾತು ಹೇಳಿದರು. "ನಿಜವಾದ ಮನೆತನ ಸಾರ್. ಮನೆಯವರ ಒಪ್ಪಿಗೆ ತನ್ನಿ. ಇಲ್ಲಾಂದ್ರೆ ಅಚ್ಚು ಹಾಕೋದಿಲ್ಲ." ಅಲ್ಲಿಗೆ ನನ್ನ ವರ್ಷಗಟ್ಟಲೆಯ ದುಡಿಮೆ ಒಬ್ಬರು ತಲೆಯಾಡಿಸುವುದಕ್ಕಾಗಿ ಕಾಯುವಂತಾಯಿತು. ಆ ತಲೆ ಎಸ್ಟೇಟಿನ ಈಗಿನ ಒಡತಿಯದು. ಅಕ್ಕತಂಗಿಯರ ತಮ್ಮನ ಮೊಮ್ಮಗಳು. ಎಪ್ಪತ್ತು ದಾಟಿದ್ದರೂ ಗಮ್‌ಬೂಟು ಹಾಕಿಕೊಂಡು ತಾವೇ ಕಾಫಿ ಹಣ್ಣಿನ ಪಿಕಿಂಗ್ ನೋಡಲು ಹೋಗುವವರು. ಊರೆಲ್ಲ ಅವರನ್ನು ಆಂಟಿ ಎನ್ನುತ್ತದೆ. ನಾನು ಮೇಡಂ ಎನ್ನುತ್ತೇನೆ.

೧. ಬಿಸ್ಕತ್ತಿನ ಅಧ್ಯಾಯ

ಮೇಡಂ ಓದುವುದಿಲ್ಲ, ಕೇಳುತ್ತಾರೆ. "ಈ ಕಣ್ಣು ಕಾಫಿ ಗಿಡದಲ್ಲಿ ಬೋರರ್ ಹುಳ ಹುಡುಕೋಕೆ ಇಟ್ಟುಕೊಂಡದ್ದು. ಓದೋ ಕೆಲಸ ನಿಮ್ಮದು" ಎಂದರು. ವಾರಕ್ಕೊಂದು ಅಧ್ಯಾಯ ಜಗಲಿಯಲ್ಲಿ ಕುಳಿತು ಓದುವುದೆಂದು ಗೊತ್ತಾಯಿತು.

ಅಕ್ಕತಂಗಿಯರು ಮೊದಲ ಬಾರಿ ಮೇಜಿನ ಮುಂದೆ ಕೂರುವ ಅಧ್ಯಾಯದ ದಿನ ನನಗೆ ಒಳಗೊಳಗೇ ಅಳುಕಿತ್ತು. ಒಳ್ಳೆಯ ಮನೆತನದ ಹೆಣ್ಣುಮಕ್ಕಳು ಬಾಗಿಲು ಹಾಕಿಕೊಂಡು ಬಿಳಿಯರ ಜೊತೆ ಪ್ರೇತಗಳನ್ನು ಕರೆದರು ಎಂದರೆ ಯಾರಾದರೂ ಸಿಟ್ಟಾಗಬಹುದು. ಮೇಡಂ ಸಿಟ್ಟಾಗಲಿಲ್ಲ. ಬಾಗಿಲು ಹಾಕಿದರು, ದೀಪ ತಗ್ಗಿಸಿದರು, ಮೇಜು ಅಲುಗಿತು, ಎಲ್ಲವನ್ನೂ ಶಾಂತವಾಗಿ ಕೇಳಿದರು. ಆಮೇಲೆ ಕೈಯೆತ್ತಿದರು.

"ಅಲ್ಲಿ ನಿಲ್ಲಿಸಿ. ಬಂದವರಿಗೆ ಎಂತ ಕೊಟ್ಟರು ಅಂದಿರಿ?"

"ಚಹಾ ಮತ್ತು ಬಿಸ್ಕತ್ತು, ಮೇಡಂ."

"ಯಾರ ಮನೆಯಲ್ಲಿ?"

"ನಿಮ್ಮ ಮನೆಯಲ್ಲಿ."

"ಆರು ಜನ ನಮ್ಮ ಮನೆಗೆ ಬಂದು ಬಿಸ್ಕತ್ತು ತಿಂದು ಹೋದರು. ಇದನ್ನು ಊರೆಲ್ಲ ಓದಬೇಕು. ಅಲ್ಲವಾ?"

ಆ ದೊರೆಸಾನಿಯೇ ತನ್ನ ನೆನಪುಗಳಲ್ಲಿ ಹಾಗೆ ಬರೆದಿದ್ದಾಳೆ, ನಾನು ಕಲ್ಪಿಸಿದ್ದಲ್ಲ ಎಂದೆ.

"ಅವಳು ಮನೆಯಲ್ಲಿ ತಿಂದೇ ಬಂದಿರಬೇಕು. ಉಳಿದವರ ಗತಿ ಎಂತ? ಪಂದಿ ಕರಿ ಬರೆಯಿರಿ. ಕಡಂಬುಟ್ಟು ಬರೆಯಿರಿ." ಹಂದಿ ಮಾಂಸ, ಅಕ್ಕಿ ಕಡುಬು. ಕೊಡವರ ಮನೆಯ ಔತಣವೆಂದರೆ ಇದೇ.

"ದಾಖಲೆ ಇಲ್ಲ ಮೇಡಂ."

"ಪಂದಿ ಕರಿಗೆ ದಾಖಲೆ ಯಾರು ಇಡ್ತಾರೆ ಮಾರಾಯ್ರೆ?"

ಮಾತು ಬದಲಿಸೋಣವೆಂದು ನನ್ನನ್ನು ನಿಜವಾಗಿ ಕಾಡುತ್ತಿದ್ದ ಸಂಗತಿಯೊಂದನ್ನು ಎತ್ತಿದೆ. ಆ ದಿನ ಮೇಜಿಗೆ ಬಂದದ್ದು ಮನೆತನದ ಹಿರಿಯರೊಬ್ಬರು, ರಾಜರ ಕಾಲದಲ್ಲಿ ಕತ್ತಿ ಹಿಡಿದು ಕಾದಾಡಿದವರು. ಮೇಜು ಕುಟ್ಟಿ ಕೂಡಿಸಿದ ಅವರ ಉತ್ತರವೆಲ್ಲ ಶುದ್ಧ ಇಂಗ್ಲಿಷಿನಲ್ಲಿತ್ತು. "ಅವರ ಕಾಲದಲ್ಲಿ ಈ ನಾಡಿನಲ್ಲಿ ಯಾರಿಗೂ ಇಂಗ್ಲಿಷ್ ಬರುತ್ತಿರಲಿಲ್ಲ. ಇದು ನಿಮಗೆ ವಿಚಿತ್ರ ಅನಿಸುವುದಿಲ್ಲವೇ?" ಎಂದು ಕೇಳಿದೆ.

ಮೇಡಂ ಕ್ಷಣ ಯೋಚಿಸಿದರು. "ಸತ್ತ ಮೇಲೆ ಕಲಿತಿರಬಹುದು. ಅಲ್ಲಿ ಬೇರೆ ಎಂತ ಕೆಲಸ ಉಂಟು? ಅದು ಬಿಡಿ. ಬಿಸ್ಕತ್ತು ತೆಗೀತೀರಾ, ಇಲ್ಲವಾ?"

೨. ಶುಂಠಿ

ಮೇಜು ಅಲುಗುವುದು ಹೇಗೆಂದು ತಿಳಿಯದೆ ಅದನ್ನು ವರ್ಣಿಸುವುದು ಅಪ್ರಾಮಾಣಿಕತೆ. ಆದ್ದರಿಂದ ಒಂದು ಭಾನುವಾರ ಬೆಳಗ್ಗೆ ನಮ್ಮ ಮನೆಯಲ್ಲೇ ಪ್ರಯೋಗಕ್ಕೆ ಏರ್ಪಾಡು ಮಾಡಿದೆ. ಮೂರು ಕಾಲಿನ ಮೇಜು ಸಿಕ್ಕಿತು. ನಾಲ್ಕು ಜನ ಬೇಕಿತ್ತು. ನಾನು, ನನ್ನ ಹೆಂಡತಿ, ನೆರೆಮನೆಯ ಶುಂಠಿ ಬೆಳೆಗಾರ, ಅವನ ಹೆಂಡತಿ. ಯಾರೂ ಮೇಜನ್ನು ತಳ್ಳಬಾರದು, ನಾನು ಹೇಳುವವರೆಗೆ ಕೈ ತೆಗೆಯಬಾರದು ಎಂದು ಮೊದಲೇ ಸ್ಪಷ್ಟಪಡಿಸಿದ್ದೆ.

"ಯಾರ್ನ ಕರೆಯೋದು ಸಾ?" ಎಂದ ನೆರೆಯವ.

"ಯಾರನ್ನೂ ಕರೆಯುವುದಿಲ್ಲ. ಯಾರೂ ಬರುವುದೂ ಇಲ್ಲ. ಇದು ಪ್ರಯೋಗ."

"ಬರದಿದ್ರೆ ಬ್ಯಾಡ ಬುಡಿ. ಕರೆಯೋಕೇನು ಕಾಸಾ?" ಎಂದವನೇ ಮೇಜಿನ ಕಡೆ ಬಗ್ಗಿ, "ಅಪ್ಪಾ, ಶುಂಠಿ ಈಗ್ಲೇ ಕೀಳ್ಲಾ, ಇನ್ನೊಂದ್ ತಿಂಗ್ಳು..." ಎಂದು ಕೇಳತೊಡಗಿದ.

ಅವನ ಮಾತು ಮುಗಿಯುವ ಮೊದಲೇ ಮೇಜು ಅವನ ಹೊಟ್ಟೆಗೆ ಗುದ್ದಿತು.

"ಕೀಳು ಅಂತವ್ರೆ" ಎಂದ, ಹೊಟ್ಟೆ ಒತ್ತಿಕೊಂಡು.

"ಮಾವ ಇದ್ದಾಗ್ಲೂ ಇಂಗೇಯ. ಪೂರ್ತಿ ಕೇಳಿಸ್ಕೊಂಡು ಉತ್ತರ ಹೇಳಿದ್ದೇ ಇಲ್ಲ" ಎಂದಳು ಅವನ ಹೆಂಡತಿ.

ಅವರು ಹೋದ ಮೇಲೆ ನಾನು ನನ್ನವಳನ್ನು ನೋಡಿದೆ. ಅವಳು ಅಡುಗೆಮನೆಯಿಂದಲೇ ಒಪ್ಪಿಕೊಂಡಳು. "ನಾನೇ ತಳ್ಳಿದ್ದು. ಕುಕ್ಕರ್ ಕೂಗ್ತಾನೇ ಇತ್ತು. ನೀವು ನೋಡಿದರೆ ಕೈ ತೆಗೀಬೇಡ ಅಂತೀರಿ. ಮೊಣಕಾಲಲ್ಲಿ ಕೊಟ್ಟೆ."

ನೆರೆಯವ ಆ ವಾರವೇ ಶುಂಠಿ ಕಿತ್ತು ಮಾರಿದ. ಅದಾದ ಮೇಲೆ ಧಾರಣೆ ಬಿದ್ದುಹೋಯಿತು. ಅವನೊಬ್ಬ ಉಳಿದುಕೊಂಡ. ಸುದ್ದಿ ಹರಡಿದ ಮರುದಿನ ಬೆಳಗ್ಗೆ ಬಾಗಿಲು ತೆಗೆದರೆ ನಮ್ಮ ಜಗಲಿಯಲ್ಲಿ ಶುಂಠಿ ಬೆಳೆಗಾರರು ಸಾಲಾಗಿ ಚಪ್ಪಲಿ ಬಿಟ್ಟು ಕುಳಿತಿದ್ದರು. ಒಬ್ಬರ ಕೈಯಲ್ಲಿ ತೆಂಗಿನಕಾಯಿ ಕೂಡ ಇತ್ತು. ನಾನು ಮುಚ್ಚುಮರೆಯಿಲ್ಲದೆ ಹೇಳಿದೆ. ಇಲ್ಲಿ ಯಾವ ಆತ್ಮವೂ ಬಂದಿಲ್ಲ, ಬರುವುದೂ ಇಲ್ಲ, ಮೇಜನ್ನು ತಳ್ಳಿದ್ದು ನನ್ನ ಹೆಂಡತಿ.

ಅವರು ಪರಸ್ಪರ ಮುಖ ನೋಡಿಕೊಂಡರು. ತೆಂಗಿನಕಾಯಿ ಹಿಡಿದಿದ್ದವನು ಎದ್ದು ನಿಂತು, "ಅಂಗಾದ್ರೆ ಅಮ್ಮಾವ್ರನ್ನೇ ಕರೀರಿ ಸಾ. ಮೇಜು ಯಾಕೆ ಸುಮ್ನೆ" ಎಂದ.

೩. ಸಿಗದ ದೆವ್ವ

ಅಕ್ಕತಂಗಿಯರು ಬಾಳಿದ ಬಂಗಲೆ ಈಗ ಹೋಂಸ್ಟೇ. ನಡೆಸುವವನು ಮೇಡಂನ ಅಣ್ಣನ ಮಗ. ಕಾದಂಬರಿಯ ಬಗ್ಗೆ ಈ ಮನೆತನದಲ್ಲಿ ನಿಜವಾದ ಉತ್ಸಾಹ ತೋರಿಸಿದವನು ಅವನೊಬ್ಬನೇ.

"ಸಾರ್, ಒಂದು ದೆವ್ವ ಸೇರಿಸಿ. ಬಿಳಿ ಸೀರೆ ಬೇಡ, ಹಳೆಯದಾಯ್ತು. ಕೊಡವ ಸೀರೆಯಲ್ಲೇ ಇರಲಿ. ಕಾರಿಡಾರಿನಲ್ಲಿ ನಡೆಯಲಿ, ಸಾಕು."

ಅಕ್ಕತಂಗಿಯರ ಮೇಜಿಗೆ ಬಂದ ಯಾವ ಆತ್ಮವೂ ನಡೆದಾಡಿದ್ದಿಲ್ಲ, ಬಂದವೆಲ್ಲ ಕುಟ್ಟಿ ಹೋದವು ಎಂದು ನಾನು ಹೇಳಿದೆ.

"ಕುಟ್ಟಿದರೆ ಗೆಸ್ಟುಗಳು ಪ್ಲಂಬಿಂಗ್ ಸರಿಯಿಲ್ಲ ಅಂತಾರೆ ಸಾರ್."

ನಾನು ಒಪ್ಪಲಿಲ್ಲ. ಅವನು ನೊಂದುಕೊಂಡವನಂತೆ ಕಾಣಲಿಲ್ಲ. ಆಮೇಲೆ ಒಂದು ಶನಿವಾರ ಚಹಾಕ್ಕೆ ಕರೆದ. ಹೋದರೆ ಬಂಗಲೆಯ ಹುಲ್ಲುಹಾಸಿನ ಮೇಲೆ ಪ್ರವಾಸಿಗರನ್ನೆಲ್ಲ ಅರ್ಧಚಂದ್ರಾಕಾರದಲ್ಲಿ ಕೂರಿಸಿದ್ದ. ನನ್ನ ಪರಿಚಯ ಮಾಡಿಸಿದ ರೀತಿ ಹೀಗಿತ್ತು: "ಈ ಮನೆಯ ಪ್ರೇತಗಳ ಬಗ್ಗೆ ಇವರಿಗಿಂತ ಜಾಸ್ತಿ ಗೊತ್ತಿರುವವರು ಜಗತ್ತಿನಲ್ಲೇ ಯಾರೂ ಇಲ್ಲ."

ಒಬ್ಬ ಹೆಂಗಸು ಮೊಬೈಲು ನನ್ನ ಮುಖಕ್ಕೆ ಹಿಡಿದು, "ಅಂಕಲ್, ಯಾವ ರೂಮಲ್ಲಿ ಕಾಣಿಸ್ಕೊಳ್ಳುತ್ತೆ?" ಎಂದು ಕೇಳಿದಳು.

"ಯಾವ ರೂಮಿನಲ್ಲೂ ಇಲ್ಲ" ಎಂದೆ. ಸತ್ಯ ಹೇಳಲು ಸಿಕ್ಕ ಅವಕಾಶವನ್ನು ನಾನು ಬಿಡುವವನಲ್ಲ. ಪ್ರೇತವಿದ್ಯೆ ಯೂರೋಪಿನಲ್ಲಿ ಹಬ್ಬಿದ್ದರ ಸಾಮಾಜಿಕ ಕಾರಣಗಳು, ತೋಟದ ಬಿಳಿಯರ ಒಂಟಿತನ, ಅಂದಿನ ಸ್ತ್ರೀಶಿಕ್ಷಣ, ಎಲ್ಲವನ್ನೂ ಕ್ರಮವಾಗಿ ತಿಳಿಸಿದೆ. ಹಿಂದಿನ ಸಾಲಿನವರು ಒಬ್ಬೊಬ್ಬರಾಗಿ ಎದ್ದು ಹೋದದ್ದನ್ನು ಗಮನಿಸಿದೆ. ಮಾತು ನಿಲ್ಲಿಸಲಿಲ್ಲ. ತರಗತಿಯಲ್ಲೂ ನಾನು ನಿಲ್ಲಿಸುತ್ತಿರಲಿಲ್ಲ.

ಮರುವಾರ ಅವನು ತನ್ನ ಮೊಬೈಲನ್ನು ನನ್ನ ಕೈಗೆ ಕೊಟ್ಟ. ಯಾರೋ ಒಂದೇ ನಕ್ಷತ್ರ ಕೊಟ್ಟು ಬರೆದಿದ್ದರು: "ಊಟ ಚೆನ್ನಾಗಿದೆ. ದೆವ್ವ ಇದೆ ಅಂತ ಹೇಳಿದ್ದರು. ಇದ್ದದ್ದು ಒಬ್ಬರು ಮೇಷ್ಟ್ರು."

೪. ನಂಬಿಕೆ

ಇದರ ನಡುವೆ ಪ್ರಕಾಶಕರ ಫೋನು. ಹಸ್ತಪ್ರತಿ ಓದಿದ್ದರು.

"ಎಲ್ಲಾ ಸರಿ ಸಾರ್. ಆದರೆ ಪ್ರೀತಿ ಎಲ್ಲಿ? ಇಬ್ಬರು ಅಕ್ಕತಂಗಿಯರು, ಅಷ್ಟು ದೊಡ್ಡ ಬಂಗಲೆ. ಒಬ್ಬ ಇಂಗ್ಲಿಷ್ ಆಫೀಸರನ್ನ ಇಬ್ಬರೂ ಪ್ರೀತಿಸಲಿ."

"ಅದಕ್ಕೆ ಸಾಕ್ಷಿಯಿಲ್ಲ."

"ಪ್ರೇತ ಬಂದದ್ದಕ್ಕೆ ಇದೆಯಾ?"

"ಪ್ರೇತ ಬಂತು ಎಂದು ನಾನು ಬರೆದಿಲ್ಲ. ಬಂತೆಂದು ಅವರು ನಂಬಿದ್ದರು. ನಂಬಿದ್ದಕ್ಕೆ ಸಾಕ್ಷಿಯಿದೆ."

"ಸರಿ ಸಾರ್. ಹಾಗಾದರೆ ಅವರು ಪ್ರೀತಿಸಿದ್ದರು ಅಂತ ನೀವು ನಂಬಿ. ನೀವು ನಂಬಿದ್ದಕ್ಕೆ ನಾನು ಸಾಕ್ಷಿ."

೫. ಒಪ್ಪಿಗೆ

ಕೊನೆಯ ಅಧ್ಯಾಯವನ್ನೂ ಓದಿ ಮುಗಿಸಿದ ದಿನ ಮೇಡಂ ತೋಟಕ್ಕೆ ಹೊರಡಲು ಬೂಟು ಹಾಕಿಕೊಂಡರು. ಆಮೇಲೆ, "ನನ್ನದೇನೂ ಅಡ್ಡಿಯಿಲ್ಲ" ಎಂದರು.

ನಾನು ಹಾಳೆಗಳನ್ನು ಚೀಲಕ್ಕೆ ಹಾಕತೊಡಗಿದೆ.

"ಆದರೆ ಕಥೆ ನನ್ನದಲ್ಲವಲ್ಲ. ಅವರನ್ನೊಂದು ಮಾತು ಕೇಳಬೇಕು."

"ಯಾರನ್ನು?"

"ಅವರಿಬ್ಬರನ್ನು."

ಅವರಿಬ್ಬರೂ ತೀರಿಕೊಂಡಿದ್ದಾರೆ ಎಂದು ನಾನು ನೆನಪಿಸಿದೆ. "ಗೊತ್ತುಂಟು" ಎಂದರು ಮೇಡಂ. "ಇದ್ದಿದ್ದರೆ ಫೋನ್ ಮಾಡ್ತಿದ್ದೆ."

ಕೊಡವ ಮನೆತನಗಳಲ್ಲಿ ತೀರಿಹೋದ ಹಿರಿಯರನ್ನು ಕಾರಣರು ಎನ್ನುತ್ತಾರೆ. ವರ್ಷಕ್ಕೊಮ್ಮೆ ಅವರ ಗುಡಿಯ ಮುಂದೆ ಎಲೆ ಹಾಕಿ ಅನ್ನ, ಮಾಂಸ, ಒಂದಿಷ್ಟು ಬ್ರಾಂದಿ ಇಡುತ್ತಾರೆ. ದರ್ಶನ ಹೇಳುವವನ ಮೈಮೇಲೆ ಹಿರಿಯರು ಬಂದು ಮಾತಾಡುತ್ತಾರೆ ಎಂಬುದು ನಂಬಿಕೆ. ಸೊಸೆಯರ ಬಗ್ಗೆ ವಿಚಾರಿಸುತ್ತಾರೆ, ತೋಟ ನೋಡಿಕೊಳ್ಳದವರನ್ನು ಬೈಯುತ್ತಾರೆ, ಹೋಗುತ್ತಾರೆ. ಇಷ್ಟು ಸುಲಭದ ದಾರಿ ಮನೆಯಂಗಳದಲ್ಲೇ ಇರುವಾಗ ಆ ಅಕ್ಕತಂಗಿಯರು ವಿಲಾಯಿತಿ ಮೇಜಿನ ಮುಂದೆ ಯಾಕೆ ಕುಳಿತರು ಎಂಬುದು ನನ್ನ ಕಾದಂಬರಿ ಎತ್ತುವ ಪ್ರಶ್ನೆಗಳಲ್ಲೊಂದು.

ನಾನು ಇದನ್ನೆಲ್ಲ ನಂಬುವುದಿಲ್ಲ ಎಂದು ಮೇಡಂಗೆ ನೇರವಾಗಿ ಹೇಳಿದೆ.

"ನೀವು ನಂಬೋದು ಬೇಡ. ಬಂದರೆ ಸಾಕು" ಎಂದರು. ಆಮೇಲೆ ದನಿ ತಗ್ಗಿಸಿ, "ಬದುಕಿದ್ದಾಗ ಊರಿನ ಸತ್ತವರನ್ನೆಲ್ಲ ಕರೆದು ಮಾತಾಡಿಸಿದರು. ಸತ್ತ ಮೇಲೆ ಇವರನ್ನು ಕರೀಬೇಕು ಅಂತ ನಮಗೆ ಯಾರಿಗೂ ನೆನಪಾಗಲಿಲ್ಲ. ನಿಮ್ಮ ಪುಸ್ತಕ ಕೇಳಿ ನೆನಪಾಯ್ತು" ಎಂದರು. ಮನೆಗೆ ಬಂದು ಹೇಳಿದಾಗ ಹೆಂಡತಿ, "ನಂಬಿಕೆ ಇಲ್ಲದವರಿಗೆ ನಷ್ಟ ಏನು? ಹೋಗಿ ಬನ್ನಿ. ಊಟ ಚೆನ್ನಾಗಿರುತ್ತೆ" ಎಂದಳು.

ಕಾರಣರಿಗೆ ಎಲೆ ಹಾಕುವ ದಿನ, ನಡು ಮಧ್ಯಾಹ್ನ. ಮನೆತನದವರೆಲ್ಲ ಗುಡಿಯ ಮುಂದೆ ನಿಂತಿದ್ದರು. ದರ್ಶನ ಹೇಳುವ ಮುದುಕನ ಮೈ ನಡುಗಿತು. ಮಾತು ಕೊಡವ ಭಾಷೆಯಲ್ಲಿ ಬಂತು. ನನಗೆ ಅರ್ಧ ತಿಳಿಯುತ್ತದೆ, ಉಳಿದರ್ಧವನ್ನು ಮೇಡಂ ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದರು. ಬಂದವಳು ಅಕ್ಕ.

"ಪ್ಯಾಂಟಿಗೆ ಇಸ್ತ್ರಿ ಹಾಕಿಕೊಂಡು ನಿಂತವನು ಯಾರು ಅಂತ ಕೇಳ್ತಾ ಇದ್ದಾರೆ."

ನಿಮ್ಮ ಬಗ್ಗೆ ಪುಸ್ತಕ ಬರೆದಿದ್ದಾರೆ, ಅಚ್ಚು ಹಾಕಿಸಬಹುದಾ ಎಂದು ಮೇಡಂ ವಿನಯದಿಂದ ಕೇಳಿದರು.

"ಓದಲಿ" ಎಂದಿತು ಆ ದನಿ.

ಹೀಗೆ, ನಾನು ನಂಬದ ಆತ್ಮವೊಂದಕ್ಕೆ, ಬಿಸಿಲಲ್ಲಿ ನಿಂತು, ಹಸಿದ ಒಂದು ಇಡೀ ಮನೆತನದ ಎದುರು, ನನ್ನ ಮೊದಲ ಅಧ್ಯಾಯವನ್ನು ಓದಿದೆ. ಉಚ್ಚಾರದಲ್ಲಿ ತಪ್ಪು ಮಾಡಲಿಲ್ಲ. "ಆಗ ಅಕ್ಕನಿಗೆ ನಲವತ್ತೆರಡು ವರ್ಷ" ಎಂಬಲ್ಲಿಗೆ ಬಂದಾಗ ಮುದುಕ ಕೋಲನ್ನು ನೆಲಕ್ಕೆ ಕುಟ್ಟಿದ.

"ಮೂವತ್ತೆರಡು ಅಂತಾರೆ" ಎಂದರು ಮೇಡಂ.

"ನಲವತ್ತೆರಡು. ಶಾಲೆಯ ದಾಖಲೆ ನಾನೇ ನೋಡಿದ್ದೇನೆ."

"ನೀವು ಅಜ್ಜಿಗೆ ಎದುರು ಮಾತಾಡ್ತಾ ಇದ್ದೀರಿ."

"ನಾನು ಅಜ್ಜಿಯ ಜೊತೆ ಮಾತಾಡುತ್ತಿಲ್ಲ ಮೇಡಂ. ದಾಖಲೆಯ ಬಗ್ಗೆ ಮಾತಾಡುತ್ತಿದ್ದೇನೆ."

ಹೋಂಸ್ಟೇಯವನು ನನ್ನ ಕಿವಿಗೆ ಬಗ್ಗಿದ. "ಸಾರ್, ಒಂದೇ ಒಂದು ಅಂಕಿ. ನಾಲ್ಕು ಹೊಡೆದು ಮೂರು ಹಾಕಿ. ಪಂದಿ ಕರಿ ತಣ್ಣಗಾಗ್ತಾ ಉಂಟು."

"ಇವತ್ತು ವಯಸ್ಸು ಬದಲಿಸಿದರೆ ನಾಳೆ ಕಾರಿಡಾರಿನಲ್ಲಿ ನಿಮ್ಮ ದೆವ್ವ ನಡೆಯುತ್ತದೆ" ಎಂದೆ.

ಮುದುಕನ ದನಿ ಏರಿತು. ಮೇಡಂ ತಿರುಗಿಸಿ ಹೇಳಿದ್ದು ಮೂಲಕ್ಕಿಂತ ಉದ್ದವಾಗಿತ್ತು. ಸಾರಾಂಶ ಇಷ್ಟು: ಒಬ್ಬ ಹೆಂಗಸಿಗೆ ಹತ್ತು ವರ್ಷ ಬಿಟ್ಟುಕೊಡದವನಿಗೆ ಪುಸ್ತಕ ಯಾಕೆ ಬಿಟ್ಟುಕೊಡಬೇಕು? ಅಚ್ಚು ಬೇಡ.

ನಾನು ಹಾಳೆಗಳನ್ನು ಮಡಚಿದೆ. ಒಂದು ಅಂಕಿ ತಿದ್ದಿದ್ದರೆ ಪುಸ್ತಕ ಉಳಿಯುತ್ತಿತ್ತು. ಆದರೆ ಆಮೇಲೆ ಅದು ನನ್ನ ಪುಸ್ತಕವಾಗಿ ಉಳಿಯುತ್ತಿರಲಿಲ್ಲ. "ಆಗಲಿ ಮೇಡಂ. ಅಚ್ಚಾಗುವುದು ಬೇಡ" ಎಂದು ತಿರುಗಿದೆ.

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಮುದುಕ ಹೆಗಲ ಟವೆಲನ್ನು ತಲೆಯ ಮೇಲೆ ಎಳೆದುಕೊಂಡು ಇನ್ನೊಂದು ಪಕ್ಕಕ್ಕೆ ತಿರುಗಿದ್ದ.

"ತಂಗಿ ಬಂದರು" ಎಂದರು ಮೇಡಂ, ಮೆಲ್ಲಗೆ.

ತಂಗಿಯ ಮಾತಿಗೆ ನನಗೆ ಅನುವಾದ ಬೇಕಾಗಲಿಲ್ಲ. "ಮೂವತ್ತೆರಡಂತೆ. ನಲವತ್ತೆರಡೂ ಅಲ್ಲ, ನಲವತ್ತನಾಲ್ಕು. ಶಾಲೆಗೆ ಸೇರಿಸುವಾಗ ಅಪ್ಪ ಎರಡು ವರ್ಷ ಇಳಿಸಿದ್ದು. ಬರೆಯಲಿ. ಅಚ್ಚು ಹಾಕಲಿ. ಎಲ್ಲರೂ ಓದಲಿ."

ಮುದುಕ ಎಡಕ್ಕೆ ತಿರುಗಿದ. "ಬಾಯಿ ಮುಚ್ಚು." ಬಲಕ್ಕೆ ತಿರುಗಿದ. "ನೀನು ಮುಚ್ಚು." ಎಡಕ್ಕೆ. "ಹಲ್ಲು ಕಟ್ಟಿಸಿಕೊಂಡವಳು ನೀನು." ಬಲಕ್ಕೆ. "ಕನ್ನಡಿಗೆ ಬಟ್ಟೆ ಮುಚ್ಚಿದವಳು ನೀನು." ಹೀಗೆ ಒಂದೇ ಕುತ್ತಿಗೆಯ ಮೇಲೆ ಇಬ್ಬರ ಜಗಳ ನಡೆದು, ಕೊನೆಗೆ ಆ ಬಡಪಾಯಿ ಸುಸ್ತಾಗಿ ಕುಳಿತು ನೀರು ಕೇಳಿದ.

ಮೇಡಂ ಕಣ್ಣೊರೆಸಿಕೊಳ್ಳುತ್ತಿದ್ದರು. "ಪ್ರತಿ ವರ್ಷವೂ ನನಗೆ ಅನುಮಾನ ಇರ್ತದೆ, ಬಂದವರು ನಮ್ಮವರೇ ಹೌದಾ ಅಂತ. ಇವತ್ತಿಲ್ಲ. ಈ ಜಗಳ ಕೇಳಿಕೊಂಡೇ ನಾನು ದೊಡ್ಡವಳಾದದ್ದು."

"ಮೇಡಂ, ಒಪ್ಪಿಗೆ ಸಿಕ್ಕಿತೋ, ಇಲ್ಲವೋ?"

"ಅಕ್ಕ ಬೇಡ ಅಂದರು, ತಂಗಿ ಹಾಕಲಿ ಅಂದರು. ಈ ಮನೆಯಲ್ಲಿ ಹಾಗಾದಾಗೆಲ್ಲ ನಡೆದದ್ದು ತಂಗಿಯ ಮಾತೇ. ಅಚ್ಚು ಹಾಕಿಸಿ. ಈಗ ಊಟಕ್ಕೆ ಬನ್ನಿ."

ವಯಸ್ಸಿನ ವಿಷಯ ಉಳಿಯಿತು. ದರ್ಶನದ ಮಾತನ್ನು ನಾನು ಸಾಕ್ಷಿಯೆಂದು ಒಪ್ಪುವವನಲ್ಲ. ಆದರೆ ಶಾಲೆ ನಡೆಸಿದವನಾಗಿ ಹೇಳುತ್ತೇನೆ, ಮಗುವಿನ ವಯಸ್ಸನ್ನು ಸರಿಯಾಗಿ ಹೇಳಿ ಸೇರಿಸಿದ ತಂದೆಯನ್ನು ನಾನು ನೋಡಿದ್ದು ಅಪರೂಪ. ನಲವತ್ತೆರಡರ ಹಿಂದೆ "ಸುಮಾರು" ಎಂದು ಸೇರಿಸಿದೆ. ಇಡೀ ಪುಸ್ತಕದಲ್ಲಿ ಆ ಪದ ಬರುವುದು ಅಲ್ಲೊಂದೇ ಕಡೆ.

ಮರುದಿನ ಪ್ರಕಾಶಕರಿಗೆ ಫೋನ್ ಮಾಡಿದೆ.

"ಸಂತೋಷ ಸಾರ್. ಮೊದಲ ಪುಟದಲ್ಲಿ 'ಮನೆತನದವರ ಒಪ್ಪಿಗೆಯೊಂದಿಗೆ' ಅಂತ ಹಾಕಿಬಿಡಲಾ?"

"ಅದು ಪೂರ್ತಿ ಸತ್ಯವಲ್ಲ. ಬರೆದುಕೊಳ್ಳಿ. 'ತಂಗಿಯ ಒಪ್ಪಿಗೆಯಿದೆ. ಅಕ್ಕನ ಆಕ್ಷೇಪಣೆಯಿದೆ.'"

"ಸಾರ್, ಅವರಿಬ್ಬರೂ ತೀರಿಕೊಂಡು ಎಷ್ಟೋ ಕಾಲ ಆಯ್ತಲ್ವಾ?"

"ತೀರಿಕೊಂಡದ್ದು ಬೇರೆ ವಿಷಯ" ಎಂದೆ. "ಆಕ್ಷೇಪಣೆ ದಾಖಲಾಗಲೇಬೇಕು."